ಮೊದಲು ನೀರು, ಆಮೇಲೆ ಬೆಂಕಿ

ಹಂದಿಯ ಚರ್ಮ ಗರಿಗರಿಯಾಗಿ ಉಬ್ಬಬೇಕಾದರೆ ಏನು ಮಾಡಬೇಕು ಅಂತ ಕೇಳಿದವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಒಂದು ಸಲ ಮಂಡಕ್ಕಿ ಭಟ್ಟಿಗೆ ಹೋಗಿ ನಿಂತು ನೋಡಿ ಬನ್ನಿ. ದಾವಣಗೆರೆಯವರಿಗೆ ಅದೇನು ದೂರವಲ್ಲ. ಮಂಡಕ್ಕಿ ಭಟ್ಟಿ ಅಂತಲೇ ಹೆಸರಾದ ಬಡಾವಣೆ ನಮ್ಮೂರಲ್ಲಿದೆ. ಅಲ್ಲಿ ಕೆಲಸ ಮಾಡುವವರು ರೋಸ್ಟ್ ಪೋರ್ಕ್, ಅಂದರೆ ಓವನ್‌ನಲ್ಲಿ ಇಡೀ ತುಂಡಾಗಿ ಬೇಯಿಸಿದ ಹಂದಿ ಮಾಂಸ, ಮಾಡಲಿಕ್ಕಿಲ್ಲ. ಆದರೆ ಅದನ್ನು ಮಾಡಲು ಬೇಕಾದ ತಿಳಿವಳಿಕೆ ಅವರ ಕೈಯಲ್ಲಿದೆ.

ಮಂಡಕ್ಕಿ ಆಗುವ ಬಗೆ ನೋಡಿ. ಭತ್ತವನ್ನು ನೆನೆಸುತ್ತಾರೆ, ಕಾಯಿಸುತ್ತಾರೆ, ಒಣಗಿಸುತ್ತಾರೆ, ಹೊಟ್ಟು ತೆಗೆಸುತ್ತಾರೆ. ಆ ಅಕ್ಕಿಗೆ ಉಪ್ಪುನೀರು ಬೆರೆಸಿ ಮತ್ತೆ ಹದವಾಗಿ ಬಿಸಿ ಮಾಡಿ ತೇವ ಆರಿಸುತ್ತಾರೆ. ಎಲ್ಲ ಆದ ಮೇಲೆ ಕಾದ ಮರಳಿಗೆ ಹಾಕುತ್ತಾರೆ. ಅಲ್ಲಿ ಕೆಲವೇ ಸೆಕೆಂಡಿನ ಕೆಲಸ. ಪಟಪಟ ಅಂತ ಅರಳಿಬಿಡುತ್ತದೆ. ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಮರಳಿಗೆ ಹಾಕುವಾಗ ಅಕ್ಕಿಯಲ್ಲಿ ಶೇಕಡಾ 10–11ರಷ್ಟು ತೇವ ಇದ್ದರೆ ಚೆನ್ನಾಗಿ ಅರಳುತ್ತದೆ. ಜಾಸ್ತಿ ಇದ್ದರೆ ಗಟ್ಟಿ ಉಳಿಯುತ್ತದೆ. ತೀರಾ ಕಡಿಮೆ ಇದ್ದರೆ ಉಬ್ಬಿಸಲು ಹಬೆಯೇ ಸಿಗುವುದಿಲ್ಲ, ಸುಮ್ನೆ ಸೀದುಹೋಗುತ್ತದೆ.

ಹಂದಿಯ ಚರ್ಮದಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಚರ್ಮದ ತುಂಬಾ ಇರುವುದು ಕೊಲಾಜೆನ್ ಅನ್ನುವ ಗಟ್ಟಿ ನಾರು ಮತ್ತು ನೀರು. ಕೊಲಾಜೆನ್ ನೀರಿನ ಜೊತೆ ನಿಧಾನವಾಗಿ ಬೆಂದರೆ ಕರಗಿ ಜೆಲಟಿನ್ ಆಗುತ್ತದೆ. ಕಾಲು ಸೂಪು ಆರಿದ ಮೇಲೆ ಗಟ್ಟಿಯಾಗುತ್ತದಲ್ಲ, ಅದಕ್ಕೆ ಕಾರಣ ಇದೇ ಜೆಲಟಿನ್. ಹೀಗೆ ಬೆಂದ ಚರ್ಮ ಒಣಗಬೇಕು. ಒಣಗಿದ ಮೇಲೆ ಜೋರು ಬಿಸಿ ತಾಗಬೇಕು. ಆಗ ಒಳಗೆ ಉಳಿದ ಅಷ್ಟಿಷ್ಟು ನೀರು ಹಬೆಯಾಗಿ ಹೊರಗೆ ನುಗ್ಗುತ್ತದೆ. ಮೆತ್ತಗಾದ ಜೆಲಟಿನ್ ಅದರ ಜೊತೆ ಉಬ್ಬುತ್ತದೆ, ಉಬ್ಬಿದ ಹಾಗೇ ಗಟ್ಟಿಯಾಗುತ್ತದೆ. ಇದನ್ನೇ ಇಂಗ್ಲಿಷ್ ಅಡುಗೆಯವರು ಕ್ರ್ಯಾಕ್ಲಿಂಗ್ ಅನ್ನುವುದು. ಬೇಯುವುದು, ಒಣಗುವುದು, ಉಬ್ಬುವುದು. ಈ ಮೂರೂ ಇದೇ ಸಾಲಿನಲ್ಲಿ ಆಗಬೇಕು. ಬೇಯದ ಚರ್ಮವನ್ನು ನೇರ ಬೆಂಕಿಗೆ ಒಡ್ಡಿದರೆ ಅದು ಕಪ್ಪಾಗುತ್ತದೆ, ಹಲ್ಲಿಗೆ ಮಾತ್ರ ಬಗ್ಗುವುದಿಲ್ಲ. ಒಣಗದ ಚರ್ಮಕ್ಕೆ ಬಿಸಿ ಕೊಟ್ಟರೆ ಆ ಬಿಸಿಯೆಲ್ಲ ನೀರು ಆರಿಸುವುದಕ್ಕೇ ಖರ್ಚಾಗುತ್ತದೆ.

ಡೆನ್ಮಾರ್ಕಿನವರು ಇದನ್ನು ಚೆನ್ನಾಗಿ ಬಲ್ಲರು. ಅವರಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿಯ ಊಟಕ್ಕೆ ಫ್ಲೆಸ್ಕೆಸ್ಟೈ ಅನ್ನುವ ಹಂದಿ ರೋಸ್ಟ್ ಮಾಡುತ್ತಾರೆ. ಅಲ್ಲಿ ಎಷ್ಟೋ ಜನ ಮಾಂಸವನ್ನು ಮೊದಲು ಚರ್ಮ ಕೆಳಗೆ ಮಾಡಿ, ತಟ್ಟೆಯ ನೀರಿನಲ್ಲಿ ಸ್ವಲ್ಪ ಹೊತ್ತು ಬೇಯಿಸಿ, ಆಮೇಲೆ ಮಗುಚಿ ಉಪ್ಪು ಹಚ್ಚಿ ರೋಸ್ಟ್ ಮಾಡುತ್ತಾರೆ. ಫಿಲಿಪೀನ್ಸ್‌ನ ಮನೆಗಳಲ್ಲಿ ಹೊಟ್ಟೆ ಭಾಗವನ್ನು ಪೂರ್ತಿ ಬೇಯಿಸಿ, ಒಣಗಿಸಿ, ಎಣ್ಣೆಯಲ್ಲಿ ಕರಿಯುತ್ತಾರೆ. ದೇಶ ಬೇರೆ ಬೇರೆ, ಕ್ರಮ ಒಂದೇ.

ನಮ್ಮ ಕಡೆ ಹಂದಿ ಮಾಂಸ ತಿನ್ನುವವರು ಇದ್ದಾರೆ, ಅದರ ಬಗ್ಗೆ ಬಾಯಿಬಿಟ್ಟು ಮಾತಾಡುವವರು ಕಡಿಮೆ. ಕುರಿ, ಕೋಳಿ ತಂದರೆ ಓಣಿಗೆಲ್ಲ ಗೊತ್ತಾಗುತ್ತದೆ. ಹಂದಿ ತಂದರೆ ಕಪ್ಪು ಕವರಿನಲ್ಲಿ ಬರುತ್ತದೆ. ಚಳ್ಳಕೆರೆ ಕಡೆಯ ನಮ್ಮ ಹಳ್ಳಿ ಮನೆಯಲ್ಲಿ ಅದು ಅಡುಗೆಮನೆ ಹೊಸ್ತಿಲು ದಾಟುತ್ತಿರಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲು, ಅದಕ್ಕೇ ಅಂತ ಒಂದು ಪಾತ್ರೆ, ಅದಕ್ಕೇ ಅಂತ ಒಂದು ಸೌಟು. ಅಡುಗೆ ಅಪ್ಪನದು. ಅಜ್ಜಿ ಜಗುಲಿ ಮೇಲೆ ಕೂತು "ಉಪ್ಪು ನೋಡಿದ್ಯಾ?" ಅಂತ ಕೇಳುತ್ತಿದ್ದಳು. ತಾನು ಮಾತ್ರ ಮುಟ್ಟುತ್ತಿರಲಿಲ್ಲ. ಖಾರ ಜಾಸ್ತಿ, ಬೆಳ್ಳುಳ್ಳಿ ಜಾಸ್ತಿ, ಸಾರು ತೆಳುವು, ಮೇಲೆ ಎರಡು ಬೆರಳು ನೆಣ ತೇಲಬೇಕು. ಅದರ ಜೊತೆ ರಾಗಿ ಮುದ್ದೆ. ಆ ರುಚಿ ಈಗಲೂ ನನಗೆ ದೊಡ್ಡದು. ರೋಸ್ಟ್ ಅದಕ್ಕಿಂತ ಮೇಲು ಅಂತ ನಾನು ಎಲ್ಲೂ ಹೇಳುವುದಿಲ್ಲ.

ರೋಸ್ಟ್ ತಿಂದಿದ್ದು ಆಮೇಲೆ, ಹರಿಹರದಲ್ಲಿ. ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿದ್ದ ಗೆಳತಿಯ ಮನೆ. ಕ್ರಿಸ್‌ಮಸ್ ಊಟ. ಅವಳ ಅಮ್ಮ ಮಂಗಳೂರು ಕಡೆಯವರು. ಹಂದಿಯನ್ನು ಅವರು ಬಫಾತ್ ಅನ್ನುವ ಮಸಾಲೆ ಪುಡಿ ಹಾಕಿ ಮಾಡುತ್ತಾರೆ ಅಂದುಕೊಂಡೇ ಹೋಗಿದ್ದೆ. ಅದೂ ಇತ್ತು. ಅದರ ಪಕ್ಕದಲ್ಲಿ ಒಂದು ದೊಡ್ಡ ಇಡೀ ತುಂಡು. ಮೇಲೆ ಹೊನ್ನಿನ ಬಣ್ಣದ, ಗುಳ್ಳೆ ಗುಳ್ಳೆ ಎದ್ದ ಹೊದಿಕೆ. ಆಂಟಿ ಚಾಕುವಿನ ಹಿಡಿಯಿಂದ ಅದರ ಮೇಲೆ ಕುಟ್ಟಿದರು. ಟಕ್ ಅಂತ ಸದ್ದು ಬಂತು. ಅವತ್ತಿಂದ ನನಗೆ ಈ ಅಡುಗೆಯ ಗುಂಗು ಹಿಡಿಯಿತು.

ಮನೆಯಲ್ಲಿ ಮಾಡಬೇಕು ಅಂದಾಗ ಮೊದಲ ಕಷ್ಟ ಅಂಗಡಿಯಲ್ಲಿ. ನಮ್ಮ ಕಡೆಯ ಅಂಗಡಿಯವರಿಗೆ ಮಾಂಸ ಕೊಡುವುದು ಅಂದರೆ ಕೊರಡಿನ ಮೇಲಿಟ್ಟು ಸಣ್ಣಗೆ ಕೊಚ್ಚಿ ಕೊಡುವುದು ಅಂತಲೇ ಅರ್ಥ. ಬಾಯಿ ತೆರೆಯುವ ಮೊದಲೇ ಕತ್ತಿ ಎತ್ತಿರುತ್ತಾರೆ. "ಅಣ್ಣಾ, ಕೊಚ್ಚಬೇಡ. ಹೊಟ್ಟೆ ಭಾಗ ಒಂದೇ ತುಂಡು ಕೊಡು" ಅಂದರೆ "ಅಷ್ಟು ದೊಡ್ಡದು ಹೆಂಗ್ ಬೇಯುತ್ತೆ ಅಕ್ಕಾ?" ಅಂತ ಕೇಳುತ್ತಾನೆ. ಒಳ್ಳೆಯ ಪ್ರಶ್ನೆಯೇ. ಒಂದು ಅನುಕೂಲ ಅಂದರೆ, ನಮ್ಮಲ್ಲಿ ಹಂದಿಯ ಚರ್ಮ ಸುಲಿಯುವುದಿಲ್ಲ. ಕೂದಲು ಸುಟ್ಟು, ಕೆರೆದು, ತೊಳೆದು, ಚರ್ಮದ ಸಮೇತ ಮಾರುತ್ತಾರೆ. ದೊಡ್ಡ ಊರಿನ ಪ್ಯಾಕೆಟ್ ಮಾಂಸದಲ್ಲಿ ಎಷ್ಟೋ ಸಲ ಚರ್ಮವೇ ಇರುವುದಿಲ್ಲ. ಮನೆಗೆ ತಂದ ಮೇಲೆ ಒಮ್ಮೆ ಬೆಳಕಿಗೆ ಹಿಡಿದು ಉಳಿದ ಕೂದಲು, ಮಸಿ ಎಲ್ಲ ಕೆರೆದು ತೆಗೆಯಿರಿ.

ಯಾವ ಭಾಗ? ಹೊಟ್ಟೆ ಅಥವಾ ಭುಜ. ಎರಡರಲ್ಲೂ ನೆಣ ಇದೆ, ನಿಧಾನವಾಗಿ ಬೆಂದರೂ ಒಣಗುವುದಿಲ್ಲ. ಬೆನ್ನಿನ ಭಾಗ ನೋಡಲು ಚೆಂದ, ಆದರೆ ನೆಣ ಕಮ್ಮಿ, ಬೇಗ ಒಣಗುತ್ತದೆ. ಫಾರಂನ ಬಿಳಿ ಹಂದಿಯೇ ಇರಲಿ. ಇದು ರುಚಿಯ ಮಾತಷ್ಟೇ ಅಲ್ಲ.

ಇಲ್ಲಿ ಸ್ವಲ್ಪ ನಿಂತು ಹೇಳಲೇಬೇಕು. ಬೀದಿಯಲ್ಲಿ ತಿರುಗಿ, ಗಟಾರದಲ್ಲಿ ಮೇಯ್ದ ಹಂದಿಯ ಮಾಂಸದಲ್ಲಿ ಲಾಡಿಹುಳದ ಮರಿ ಗುಳ್ಳೆಗಳು ಇರಬಹುದು. ಬಿಳಿ ಬಣ್ಣ, ಹೆಚ್ಚುಕಡಿಮೆ ಅಕ್ಕಿಕಾಳಿನಷ್ಟು ಗಾತ್ರ, ಮಾಂಸದ ನಡುವೆ ಕಾಣುತ್ತವೆ. ಕಂಡರೆ ಆ ಮಾಂಸ ಬೇಡ. ಅರೆಬೆಂದ ಮಾಂಸ ತಿಂದರೆ ಕರುಳಿನಲ್ಲಿ ಲಾಡಿಹುಳ ಬೆಳೆಯುತ್ತದೆ. ಆದರೆ ತಲೆಯೊಳಗೆ ಗುಳ್ಳೆಯಾಗಿ ಮೂರ್ಛೆರೋಗ ಬರುವ ದಾರಿ ಬೇರೆ. ಹುಳ ಇರುವ ಮನುಷ್ಯನ ಮಲದಲ್ಲಿ ಅದರ ಮೊಟ್ಟೆಗಳು ಹೊರಬರುತ್ತವೆ. ಕೈ, ನೀರು, ಸೊಪ್ಪು, ಹಸಿ ತರಕಾರಿ ಮೂಲಕ ಆ ಮೊಟ್ಟೆ ಇನ್ನೊಬ್ಬರ ಹೊಟ್ಟೆ ಸೇರುತ್ತದೆ. ಹಂದಿಯನ್ನು ಕಣ್ಣೆತ್ತಿ ನೋಡದ ಸಸ್ಯಾಹಾರಿಗೂ ಇದು ಬರಬಹುದು. ಜನ ಮತ್ತು ಬೀದಿ ಹಂದಿಗಳು ಒಟ್ಟಿಗೆ ಬದುಕುವ, ಈ ಹುಳ ಬೇರೂರಿರುವ ಎಷ್ಟೋ ಕಡೆ ಮೂರ್ಛೆರೋಗದ ಶೇಕಡಾ 30ರಷ್ಟು ಪ್ರಕರಣಗಳಿಗೆ ಇದೇ ಕಾರಣ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗಾಗಿ ಹಂದಿಯನ್ನು ಬೈಯುವುದಕ್ಕಿಂತ ಪ್ರತಿ ಮನೆಗೂ ಶೌಚಾಲಯ, ಪ್ರತಿ ಊಟಕ್ಕೂ ತೊಳೆದ ಕೈ ಮುಖ್ಯ. ಅಡುಗೆಯ ಮಟ್ಟಿಗೆ ಹೇಳುವುದಾದರೆ, ನಾನು ಬರೆಯುತ್ತಿರುವ ರೀತಿಯಲ್ಲಿ ಮಾಂಸದ ನಡುಭಾಗ 85 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಷ್ಟು ಬಿಸಿಗೆ ಆ ಗುಳ್ಳೆಗಳು ಬದುಕುವುದಿಲ್ಲ. ಹಸಿ ಮಾಂಸ ಮುಟ್ಟಿದ ಮಣೆ, ಚಾಕು ಸೋಪು ಹಾಕಿ ತೊಳೆಯಿರಿ.

ಈಗ ಕೆಲಸಕ್ಕೆ ಬರೋಣ. ಎರಡು ಕಿಲೋ ಹೊಟ್ಟೆ ಭಾಗ ಅಂತ ಇಟ್ಟುಕೊಳ್ಳಿ. ಚರ್ಮದ ಮೇಲೆ ಒಂದು ಸೆಂಟಿಮೀಟರ್ ಅಂತರದಲ್ಲಿ ಗೀರು ಹಾಕಬೇಕು. ಅಡುಗೆ ಚಾಕು ಇದಕ್ಕೆ ಆಗುವುದಿಲ್ಲ, ಜಾರುತ್ತದೆ. ಹೊಸ ಬ್ಲೇಡ್ ಹಾಕಿದ ಪೇಪರ್ ಕಟರ್ ಚೆನ್ನಾಗಿ ಕೆಲಸ ಮಾಡುತ್ತದೆ. ಗೀರು ಚರ್ಮ ದಾಟಿ ನೆಣಕ್ಕೆ ಇಳಿಯಬೇಕು, ಮಾಂಸ ಮುಟ್ಟಬಾರದು. ಮಾಂಸಕ್ಕೆ ತಾಗಿದರೆ ಅದರ ರಸ ಮೇಲೆ ಉಕ್ಕಿ ಬಂದು ಅಲ್ಲೆಲ್ಲ ಚರ್ಮ ಒದ್ದೆಯಾಗುತ್ತದೆ. ಗೀರು ಹಾಕಿದ ಮೇಲೆ ಸಿಂಕಿನಲ್ಲಿ ಓರೆಯಾಗಿ ಹಿಡಿದು ಚರ್ಮದ ಮೇಲೆ ಮಾತ್ರ ಕುದಿಯುವ ನೀರು ಸುರಿಯಿರಿ. ಚರ್ಮ ಬಿಗಿದು ಗೀರುಗಳು ಬಾಯಿ ಬಿಡುವುದು ಕಣ್ಣಿಗೇ ಕಾಣುತ್ತದೆ. ತಕ್ಷಣ ಒಣ ಬಟ್ಟೆಯಿಂದ ಒತ್ತಿ ಒರೆಸಿ.

ಮಸಾಲೆ ಮಾಂಸದ ಬದಿಗೆ ಮಾತ್ರ. ನಾನು ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸು, ಸ್ವಲ್ಪ ಬ್ಯಾಡಗಿ ಮೆಣಸಿನ ಪುಡಿ, ಉಪ್ಪು ಹಚ್ಚುತ್ತೇನೆ. ಚರ್ಮಕ್ಕೆ ಬರೀ ಉಪ್ಪು. ಬೆಳ್ಳುಳ್ಳಿ, ಖಾರ, ಬೆಲ್ಲ ಯಾವುದೂ ಅಲ್ಲಿ ಬೇಡ, ಜೋರು ಬಿಸಿಗೆ ಎಲ್ಲ ಕರಕಲಾಗುತ್ತದೆ. ಒಟ್ಟು ಉಪ್ಪು 30 ಗ್ರಾಂ ಸಾಕು. ಕಲ್ಲುಪ್ಪನ್ನು ತರಿತರಿಯಾಗಿ ಕುಟ್ಟಿ, ಗೀರಿನ ಒಳಗೆ ಹೋಗುವ ಹಾಗೆ ತಿಕ್ಕಿ. ಉಪ್ಪು ಚರ್ಮದ ನೀರನ್ನು ಮೇಲಕ್ಕೆ ಎಳೆಯುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಹನಿ ಹನಿ ಬೆವರು. ಅದನ್ನು ಒರೆಸಿ ತೆಗೆಯಬೇಕು.

ಆಮೇಲೆ ಒಣಗಿಸುವುದು. ಈ ಅಡುಗೆಯ ಜೀವ ಇಲ್ಲೇ ಇದೆ, ಅವಸರ ಮಾಡುವವರು ಬಿಡುವುದೂ ಇದನ್ನೇ. ಮುಚ್ಚದೆ, ಚರ್ಮ ಮೇಲೆ ಮಾಡಿ, ಒಂದು ರಾತ್ರಿ ಫ್ರಿಜ್‌ನಲ್ಲಿ ಇಡಿ. ಎರಡು ರಾತ್ರಿಯಾದರೆ ಇನ್ನೂ ಒಳ್ಳೆಯದು. ಕೆಳಗಿನ ಖಾನೆಯಲ್ಲಿ ಇಡಿ, ರಸ ತೊಟ್ಟಿಕ್ಕಿದರೂ ಬೇರೆ ಪದಾರ್ಥಕ್ಕೆ ಬೀಳಬಾರದು. ಫ್ರಾಸ್ಟ್ ಫ್ರೀ ಫ್ರಿಜ್ ಆದರೆ ಒಳಗೆ ಫ್ಯಾನ್ ತಿರುಗುವುದರಿಂದ ಗಾಳಿ ಒಣಗಿರುತ್ತದೆ, ಚರ್ಮ ಬೇಗ ಆರುತ್ತದೆ. ಫ್ರಿಜ್‌ನಲ್ಲಿ ಹಂದಿ ಇಡುವುದಕ್ಕೆ ಮನೆಯಲ್ಲಿ ಯಾರಾದರೂ ಒಪ್ಪದಿದ್ದರೆ ಅವರ ಮಾತಿಗೂ ಬೆಲೆ ಇದೆ. ಆಗ ತೆಳುವಾದ ಚಿಕ್ಕ ತುಂಡು ತಂದು, ಅವತ್ತೇ ಬೇಯಿಸಿ, ಬೆಂದದ್ದನ್ನು ಫ್ಯಾನ್ ಕೆಳಗೆ ಸ್ವಲ್ಪ ಹೊತ್ತು ಆರಿಸಿ, ಕರಿಯುವುದು ಮೇಲು. ಚಿತ್ರದುರ್ಗದ ಒಣಗಾಳಿ ಇದೆಯಲ್ಲ, ಹೊರಗೇ ಇಟ್ಟರೆ ಆಯಿತು ಅಂತ ಕೆಲವರಿಗೆ ಅನ್ನಿಸಬಹುದು. ಹಸಿ ಮಾಂಸದ ಜೊತೆ ಈ ಧೈರ್ಯ ಬೇಡ. 32 ಡಿಗ್ರಿ ದಾಟಿದ ಸೆಕೆಗೆ ಒಂದು ಗಂಟೆಗಿಂತ ಜಾಸ್ತಿ ಹೊರಗಿಟ್ಟ ಹಸಿ ಮಾಂಸ ನಂಬುವ ಹಾಗಿಲ್ಲ. ನಮ್ಮ ಏಪ್ರಿಲ್‌ನಲ್ಲಿ 32 ಡಿಗ್ರಿ ಬೆಳಗಿನ ತಿಂಡಿ ಹೊತ್ತಿಗೇ ಬರುತ್ತದೆ.

ಬೆಳಿಗ್ಗೆ ಫ್ರಿಜ್ ತೆಗೆದು ಚರ್ಮದ ಮೇಲೆ ಬೆರಳು ಆಡಿಸಿ. ಅಂಟಬಾರದು. ಹಿಂದಿನ ದಿನ ಬೆಳ್ಳಗೆ, ಮೆತ್ತಗೆ ಇದ್ದದ್ದು ಈಗ ಬಿಗಿದು, ಸ್ವಲ್ಪ ಅರೆಪಾರದರ್ಶಕವಾಗಿ, ಉಗುರಿನಿಂದ ತಟ್ಟಿದರೆ ಸದ್ದು ಮಾಡುವ ಹಾಗೆ ಇರಬೇಕು.

ಇಂಗ್ಲಿಷ್ ಮನೆಗಳ ಹಳೆಯ ಪದ್ಧತಿಯಲ್ಲಿ ಜೋರು ಬಿಸಿ ಮೊದಲು, ಆಮೇಲೆ ಕಡಿಮೆ. ನನಗೆ ಅದು ಸರಿ ಅನ್ನಿಸುವುದಿಲ್ಲ, ನಮ್ಮ ಮನೆಗಳ ಒಟಿಜಿ ಅನ್ನುವ ಚಿಕ್ಕ ಕರೆಂಟ್ ಓವನ್‌ಗಳಲ್ಲಂತೂ ಇಲ್ಲವೇ ಇಲ್ಲ. ಅವುಗಳ ಬಿಸಿ 250 ಡಿಗ್ರಿಗೆ ನಿಲ್ಲುತ್ತದೆ, ಬಾಗಿಲು ತೆಗೆದರೆ ಸರ್ರನೆ ಇಳಿಯುತ್ತದೆ. ಭಟ್ಟಿಯವರ ಹಾಗೆ ಜೋರು ಬಿಸಿಯನ್ನು ಕೊನೆಗೆ ಇಡಿ. ಮೊದಲು 160 ಡಿಗ್ರಿಯಲ್ಲಿ ಎರಡರಿಂದ ಎರಡೂವರೆ ಗಂಟೆ. ಈ ಹೊತ್ತಿನಲ್ಲಿ ಚರ್ಮ ತನ್ನದೇ ನೀರಿನಲ್ಲಿ ಬೆಂದು, ನಿಧಾನವಾಗಿ ಆರುತ್ತದೆ. ಕೆಳಗೆ ಮಾಂಸ ಮೆತ್ತಗಾಗುತ್ತದೆ. ತಟ್ಟೆಯ ತಳದಲ್ಲಿ ದಪ್ಪಗೆ ಹೆಚ್ಚಿದ ಎರಡು ಈರುಳ್ಳಿ, ಒಂದು ಕ್ಯಾರೆಟ್, ಒಂದಿಷ್ಟು ಬೆಳ್ಳುಳ್ಳಿ, ಒಂದು ಲೋಟ ನೀರು ಇರಲಿ. ನೀರು ಮಾಂಸದ ಕೆಳಗೇ ಇರಬೇಕು, ಚರ್ಮಕ್ಕೆ ತಾಗಬಾರದು. ಈ ನೀರಿಲ್ಲದಿದ್ದರೆ ಸುರಿದ ರಸವೆಲ್ಲ ಸೀದು, ಗ್ರೇವಿ ಕಹಿಯಾಗುತ್ತದೆ.

ನಡುವೆ ಕರೆಂಟ್ ಹೋಗಬಹುದು. ಗಾಬರಿ ಬೇಡ, ಬಾಗಿಲು ಮಾತ್ರ ತೆಗೆಯಬೇಡಿ. ನಿಧಾನದ ಹಂತದಲ್ಲಿ ಹತ್ತು ಹದಿನೈದು ನಿಮಿಷ ಹೋದರೆ ನಷ್ಟವಿಲ್ಲ, ಅಷ್ಟು ಹೊತ್ತು ಕೊನೆಗೆ ಸೇರಿಸಿದರಾಯಿತು.

ಕೊನೆಯ ಹಂತಕ್ಕೆ ಮೊದಲು ಒಂದು ಸಣ್ಣ ಕೆಲಸ. ಬೇಯುವಾಗ ಮಾಂಸ ಅಲ್ಲಲ್ಲಿ ಕುಗ್ಗಿ ಚರ್ಮ ಏರುತಗ್ಗು ಆಗಿರುತ್ತದೆ. ಏರಿದ ಕಡೆ ಸೀಯುತ್ತದೆ, ತಗ್ಗಿದ ಕಡೆ ಉಬ್ಬುವುದೇ ಇಲ್ಲ. ತಗ್ಗಿದ ಕಡೆ ಕೆಳಗೆ ಫಾಯಿಲ್ ಉಂಡೆ ಮಾಡಿ ತುರುಕಿ, ಚರ್ಮ ಮಟ್ಟಸ ಮಾಡಿ. ತಳದ ರಸವನ್ನೆಲ್ಲ ಒಂದು ಪಾತ್ರೆಗೆ ಬಗ್ಗಿಸಿಕೊಳ್ಳಿ. ಓವನ್ 240 ಡಿಗ್ರಿಗೆ ಏರಿಸಿ, ಮೇಲಿನ ರಾಡ್ ಹಾಕಿ, ಮುಂದೆ ಕುರ್ಚಿ ಎಳೆದುಕೊಂಡು ಕೂತುಬಿಡಿ. ಇನ್ನು ಎದ್ದು ಹೋಗುವ ಹಾಗಿಲ್ಲ.

ಸುಮಾರು ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಒಂದು ಮೂಲೆಯಲ್ಲಿ, ರಾಡಿಗೆ ಹತ್ತಿರ ಇರುವ ಕಡೆ, ಒಂದೇ ಒಂದು ಗುಳ್ಳೆ ಏಳುತ್ತದೆ. ಚಿಟ್ ಅಂತ ಸದ್ದು. ಅದರ ಪಕ್ಕ ಇನ್ನೊಂದು. ನೋಡುನೋಡುತ್ತಿದ್ದಂತೆ ಗೀರಿನ ಅಂಚಿನಿಂದ ಅಂಚಿಗೆ ಗುಳ್ಳೆಗಳು ಹಬ್ಬುತ್ತವೆ. ಕಂದು ಬಣ್ಣದ ಗಾಜಿನ ಹಾಗೆ ಇದ್ದ ಚರ್ಮ ತಿಳಿಯಾಗುತ್ತಾ, ಮೇಲೇಳುತ್ತಾ, ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ. ಒಳಗಿಂದ ಪಟಪಟ ಸದ್ದು ಏರುತ್ತದೆ. ಉಬ್ಬದ ಕಡೆ ರಾಡಿನ ಕೆಳಗೆ ಬರುವ ಹಾಗೆ ತಟ್ಟೆ ತಿರುಗಿಸಿ. ಮೊದಲೇ ಉಬ್ಬಿದ ಕಡೆ ಕಪ್ಪಾಗತೊಡಗಿದರೆ ಅದಕ್ಕಷ್ಟೇ ಒಂದು ಚೂರು ಫಾಯಿಲ್ ಹೊದಿಸಿ. ಎಲ್ಲ ಸೇರಿ 15ರಿಂದ 25 ನಿಮಿಷ. ಗಡಿಯಾರ ನಂಬಬೇಡಿ, ಕಣ್ಣು ಕಿವಿ ನಂಬಿ. ಗುಳ್ಳೆ ಇಲ್ಲದ ಜಾಗ ಉಳಿಯಬಾರದು.

ಹೊರಗೆ ತೆಗೆದು ಅರ್ಧ ಗಂಟೆ ಬಿಡಿ. ಮುಚ್ಚಬೇಡಿ. ನಮಗೆ ಬಿಸಿ ಅಡುಗೆ ಕಂಡರೆ ತಟ್ಟೆ ಮುಚ್ಚುವ ಅಭ್ಯಾಸ, ಆದರೆ ಇಲ್ಲಿ ಮುಚ್ಚಿದರೆ ಹಬೆ ಚರ್ಮಕ್ಕೆ ಇಳಿದು ಇಷ್ಟು ಹೊತ್ತು ಮಾಡಿದ್ದು ಮೆತ್ತಗಾಗುತ್ತದೆ.

ಈ ಅರ್ಧ ಗಂಟೆ ಗ್ರೇವಿಗೆ. ಮಾಂಸ ತೆಗೆದ ತಟ್ಟೆಯಲ್ಲಿ ಕಂದು ಬಣ್ಣದ ಚಕ್ಕೆ ಹತ್ತಿಕೊಂಡಿರುತ್ತದೆ. ತೊಳೆಯಲು ಹಾಕಬೇಡಿ, ರುಚಿ ಅಲ್ಲೇ ಇದೆ. ಮಾಂಸದ ಪ್ರೋಟೀನು ಮತ್ತು ಸಕ್ಕರೆ ಬಿಸಿಗೆ ಸೇರಿ ಆಗುವ ಬದಲಾವಣೆ ಅದು. 1912ರಲ್ಲಿ ಇದನ್ನು ಮೊದಲು ವಿವರಿಸಿದವರು ಲೂಯಿ ಕಮೀಲ್ ಮಯಾರ್ ಅನ್ನುವ ಫ್ರೆಂಚ್ ವಿಜ್ಞಾನಿ, ಹಾಗಾಗಿ ಮಯಾರ್ ಕ್ರಿಯೆ ಅಂತ ಹೆಸರು. ಕೆಂಡದ ಮೇಲೆ ಸುಟ್ಟ ರೊಟ್ಟಿಯ ಚುಕ್ಕೆಯಲ್ಲೂ, ಬೆಣ್ಣೆ ದೋಸೆಯ ಕೆಂಪಿನಲ್ಲೂ ಇರುವುದು ಇದೇ ರುಚಿ. ತಟ್ಟೆಗೆ ಬಿಸಿನೀರು ಹಾಕಿ ಮರದ ಸೌಟಿನಿಂದ ಕೆರೆದು ಎಲ್ಲ ಎಬ್ಬಿಸಿಕೊಳ್ಳಿ.

ಮೊದಲೇ ಬಗ್ಗಿಸಿಟ್ಟ ರಸದಲ್ಲಿ ಈಗ ನೆಣ ಮೇಲೆ ಬಂದಿರುತ್ತದೆ. ಅದರಲ್ಲಿ ಎರಡು ದೊಡ್ಡ ಚಮಚ ಬಾಣಲೆಗೆ ಹಾಕಿ. ಎರಡು ದೊಡ್ಡ ಚಮಚ ಮೈದಾ ಹಾಕಿ ಸಣ್ಣ ಉರಿಯಲ್ಲಿ ಹುರಿಯಿರಿ. ಹಸಿ ವಾಸನೆ ಹೋಗಿ ಹುರಿದ ಶೇಂಗಾದ ಬಣ್ಣ ಬರಬೇಕು. ಹಿಟ್ಟನ್ನು ನೇರ ನೀರಿಗೆ ಹಾಕಿದರೆ ಗಂಟು. ಮೊದಲು ನೆಣದಲ್ಲಿ ಹುರಿದರೆ ಕಣಕಣಕ್ಕೂ ಜಿಡ್ಡು ಹತ್ತಿ ಬಿಡಿಬಿಡಿಯಾಗಿ ಕರಗುತ್ತದೆ. ಮೈದಾ ಬೇಡವೆಂದರೆ ರಾಗಿ ಹಿಟ್ಟು ಹಾಕಿ. ಬಣ್ಣ ಗಾಢ ಬರುತ್ತದೆ, ಮಣ್ಣಿನ ಒಂದು ಘಮ ಸೇರುತ್ತದೆ. ನನಗೆ ಅದೇ ಇಷ್ಟ. ಈಗ ತಟ್ಟೆಯಿಂದ ಕೆರೆದ ನೀರು, ಕೆಳಗೆ ಉಳಿದ ರಸ, ಬೆಂದ ಈರುಳ್ಳಿ ಕ್ಯಾರೆಟ್ ಎಲ್ಲ ಸೇರಿ ಅರ್ಧ ಲೀಟರ್ ಆಗುವ ಹಾಗೆ ನೋಡಿಕೊಂಡು, ಸ್ವಲ್ಪಸ್ವಲ್ಪವೇ ಸುರಿಯುತ್ತಾ ಕದಡಿ. ಒಂದು ಕುದಿ ಬರಲೇಬೇಕು, ಹಿಟ್ಟು ಆಗಲೇ ಪೂರ್ತಿ ಗಟ್ಟಿಯಾಗುವುದು. ಆಮೇಲೆ ಸೋಸಿ, ತರಕಾರಿಯನ್ನು ಸೌಟಿನಿಂದ ಒತ್ತಿ ಅದರ ಸಾರವನ್ನೂ ಇಳಿಸಿ. ಉಪ್ಪು ಕೊನೆಗೆ, ಅದೂ ರುಚಿ ನೋಡಿ. ಮಾಂಸದ ಉಪ್ಪೆಲ್ಲ ರಸಕ್ಕೆ ಇಳಿದಿರುತ್ತದೆ.

ಇಷ್ಟು ನೆಣದ ಊಟಕ್ಕೆ ಹುಳಿ ಬೇಕೇ ಬೇಕು. ಇಂಗ್ಲಿಷರು ಸೇಬಿನ ಸಾಸ್ ಇಡುತ್ತಾರೆ. ಕೊಡವರು ಪಂದಿ ಕರಿಗೆ ಕಾಚಂಪುಳಿ ಹಾಕುತ್ತಾರೆ. ನಮ್ಮ ಸೀಮೆಗೆ ನಮ್ಮದೇ ಹುಳಿ ಇದೆ. ಹಿರಿಯೂರು, ಹೊಸದುರ್ಗದ ಕಡೆ ದಾಳಿಂಬೆ ಬೆಳೆಯುತ್ತಾರೆ. ಅರ್ಧ ಲೋಟ ದಾಳಿಂಬೆ ರಸವನ್ನು ಗ್ರೇವಿಗೆ ಹಾಕಿ ಐದು ನಿಮಿಷ ಕುದಿಸಿ ನೋಡಿ. ಸಿಹಿ, ಹುಳಿ, ಸ್ವಲ್ಪ ಒಗರು ಮೂರೂ ಬರುತ್ತವೆ. ದಾಳಿಂಬೆ ಇಲ್ಲದ ಕಾಲಕ್ಕೆ ಹುಣಸೆಹಣ್ಣು ಮತ್ತು ಬೆಲ್ಲದ ಗೊಜ್ಜು ಪಕ್ಕದಲ್ಲಿರಲಿ.

ಕತ್ತರಿಸುವಾಗ ಮಾಂಸ ಮಗುಚಿ ಹಾಕಿ, ಚರ್ಮ ಮಣೆಗೆ ತಾಗುವ ಹಾಗೆ. ಭಾರದ ಕತ್ತಿಯನ್ನು ಮೊದಲು ಹಾಕಿದ ಗೀರಿನ ಸಾಲಿಗೇ ಇಟ್ಟು ಒತ್ತಿ. ಮೇಲಿಂದ ಕೊಯ್ದರೆ ಚರ್ಮ ಚೂರಾಗಿ ಎಲ್ಲೆಡೆ ಹಾರುತ್ತದೆ. ಬಡಿಸುವಾಗ ಗ್ರೇವಿ ಕೆಳಗೆ, ಮಾಂಸ ಅದರ ಮೇಲೆ. ಚರ್ಮದ ಮೇಲೆ ಗ್ರೇವಿ ಸುರಿಯುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಜೊತೆಗೆ ಏನು? ಬೇಯಿಸಿದ ಆಲೂಗಡ್ಡೆ ಸರಿಯೇ. ಆದರೆ ಬಿಸಿ ಮುದ್ದೆ ಮುರಿದು ಆ ಗ್ರೇವಿಯಲ್ಲಿ ಅದ್ದಿ ತಿಂದವರು ಆಲೂಗಡ್ಡೆ ಕೇಳುವುದಿಲ್ಲ. ಅಪ್ಪನಿಗೆ ಹಾಗೇ ಬಡಿಸಿದ್ದೆ. ಎರಡನೇ ಮುದ್ದೆ ಹಾಕಿಸಿಕೊಂಡು, "ಖಾರ ಇನ್ನೊಂಚೂರು ಬೇಕಿತ್ತು ಕಣಮ್ಮ" ಅಂದರು. ಅಂದಿನಿಂದ ಬ್ಯಾಡಗಿ ಪುಡಿ ಒಂದು ಚಮಚ ಏರಿದೆ.

ಉಳಿದರೆ ಚರ್ಮ ಬೇರೆ, ಮಾಂಸ ಬೇರೆ ಮಾಡಿ ಫ್ರಿಜ್‌ನಲ್ಲಿಡಿ. ಚರ್ಮವನ್ನು ಮರುದಿನ 200 ಡಿಗ್ರಿ ಓವನ್‌ನಲ್ಲಿ ಐದಾರು ನಿಮಿಷ ಇಟ್ಟರೆ ಮತ್ತೆ ಗರಿಗರಿ. ಗ್ರೇವಿ ಜೆಲಟಿನ್‌ನಿಂದ ಗಟ್ಟಿಯಾಗಿರುತ್ತದೆ, ಸ್ವಲ್ಪ ನೀರು ಹಾಕಿ ಚೆನ್ನಾಗಿ ಕುದಿಸಿ. ಮೇಲೆ ತೆಗೆದಿಟ್ಟ ನೆಣ ಬಿಸಾಡಬೇಡಿ. ಸೋಸಿ ಗಾಜಿನ ಬಾಟಲಿಗೆ ಹಾಕಿ ಫ್ರಿಜ್‌ನಲ್ಲಿಟ್ಟರೆ, ಮುಂದಿನ ವಾರ ಅದರಲ್ಲೇ ಬದನೆಕಾಯಿ ಹುರಿಯಬಹುದು.